ತಪ್ಪನ್ನು ಬೋರ್ಡಿನಲ್ಲಿ ಬರೆಯುತ್ತಿದ್ದ ಹೋಸ್ಟಿಂಗ್ ಸಾರ್

ಅವರ ಅಂಗಿಯಲ್ಲಿ, ಹೊಟ್ಟೆಯಿಂದ ಕೆಳಗೆ, ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳಿರುತ್ತಿದ್ದವು. ಒಂದೆರಡಲ್ಲ, ಹತ್ತಿಪ್ಪತ್ತು. ಹೊಸ ಅಂಗಿ ತೊಟ್ಟರೂ ಎರಡು ತಿಂಗಳಲ್ಲಿ ಅದೇ ಗತಿ. ಬ್ಯಾಟರಿಗೆ ನೀರು ತುಂಬುವಾಗ ಸಿಡಿಯುವ ಆಸಿಡ್ ಹನಿ ಬಟ್ಟೆಗೆ ತಾಗಿದರೆ ಆಗ ಏನೂ ಕಾಣುವುದಿಲ್ಲ. ಒಗೆದು ಒಣಹಾಕಿದಾಗ ಅಲ್ಲೊಂದು ತೂತು. "ನಮ್ಮನೆಯವರ ಅಂಗಿ ಝಾಡಿಸಿದ್ರೆ ಜರಡಿ ಹಿಡಿದ ಹಾಗಿರುತ್ತೆ" ಎಂದು ಅವರ ಹೆಂಡತಿ ನಗುತ್ತಿದ್ದರು. ನಾವೆಲ್ಲ ಅವರನ್ನು ಹೋಸ್ಟಿಂಗ್ ಸಾರ್ ಎಂದೇ ಕರೆಯುತ್ತಿದ್ದೆವು. ಅವರ ಹೆಂಡತಿ ನಮಗೆ ಆಂಟಿ.

ವೆಬ್‌ಸೈಟ್ ಅನ್ನುವುದು ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಹಗಲಿರುಳು ಕೂತಿರಬೇಕು. ಆ ಜಾಗವನ್ನು ಬಾಡಿಗೆಗೆ ಕೊಡುವುದು, ಅಂದರೆ ಹೋಸ್ಟಿಂಗ್, ಸಾರ್ ಅವರ ಕಸುಬು. ಆ ಕಾಲದಲ್ಲಿ ಇಂಥ ವ್ಯಾಪಾರ ಮಾಡುವ ಬಹಳಷ್ಟು ಜನ ಅಮೆರಿಕದಲ್ಲಿದ್ದ ಯಂತ್ರಗಳ ಜಾಗವನ್ನು ಇಲ್ಲಿ ಕೂತು ಮಾರುತ್ತಿದ್ದರು. ಇವರದ್ದು ಮಾತ್ರ ಬಸವೇಶ್ವರನಗರದಲ್ಲೇ, ಒಂದು ಮನೆಯ ನೆಲಮಹಡಿಯ ಬಾಡಿಗೆ ಪೋರ್ಷನ್ನಿನಲ್ಲಿ. ಮುಂದಿನ ಕೋಣೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅವರೇ ಜೋಡಿಸಿದ ನಾಲ್ಕು ಕಂಪ್ಯೂಟರು. ಅದಕ್ಕೆ ಅಂಟಿಕೊಂಡಿದ್ದ ಹಳೆಯ ಬಚ್ಚಲುಮನೆಯಲ್ಲಿ, ಕರೆಂಟ್ ಹೋದಾಗ ಅವನ್ನು ನಡೆಸಲು, ಲಾರಿಗೆ ಹಾಕುವಂಥ ಎಂಟು ಬ್ಯಾಟರಿ. ಹಿಂದಿನ ಎರಡು ಕೋಣೆಯಲ್ಲಿ ಸಂಸಾರ.

ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ, ರಾಜಾಜಿನಗರದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿಕೊಂಡು, ಸಣ್ಣಪುಟ್ಟ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ನನ್ನ ಗಿರಾಕಿಗಳ ಸೈಟುಗಳನ್ನೆಲ್ಲ ಸಾರ್ ಹತ್ತಿರ ಇಟ್ಟಿದ್ದೆ. ಕಾರಣ ದೊಡ್ಡದೇನಲ್ಲ, ಅವರಷ್ಟು ಅಗ್ಗಕ್ಕೆ ಬೇರೆ ಯಾರೂ ಕೊಡುತ್ತಿರಲಿಲ್ಲ.

ಮೊದಲು ಅವರ ಮನೆಗೆ ಹೋದದ್ದು ಜಗಳಕ್ಕೆ. ಶ್ರೀಗಂಧದ ಕಾವಲಿನಲ್ಲಿ ತಮ್ಮ ಹೊಲವಿದ್ದ ಜಾಗದಲ್ಲೇ ಮದುವೆ ಛತ್ರ ಕಟ್ಟಿಸಿದ್ದ ಯಜಮಾನರೊಬ್ಬರು ನನ್ನ ಗಿರಾಕಿ. ಛತ್ರ ಕೇಳಲು ಬಂದ ಹೆಣ್ಣಿನ ಕಡೆಯವರಿಗೆ ಸೈಟ್ ತೋರಿಸಿ ಮೀಸೆ ತಿರುವೋಣ ಅಂತ ಅವರು ಕೂತಾಗ ಪರದೆಯ ಮೇಲೆ ಏನೂ ಬರಲಿಲ್ಲವಂತೆ. ಮಾರನೆಯ ಬೆಳಗ್ಗೆ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತಾ ಬಂದರು. ಗೇಟಿನ ಒಳಗೆ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿತ್ತು. ಅದರಲ್ಲಿ ಸೀಮೆಸುಣ್ಣದ ದುಂಡು ಅಕ್ಷರ:

"ನಿನ್ನೆ ಮಧ್ಯಾಹ್ನ ಎರಡು ಗಂಟೆ ಕಾಲ ಸೈಟುಗಳು ಇರಲಿಲ್ಲ. ಕಾರಣ: ಕೋಣೆ ಗುಡಿಸುವಾಗ ಪೊರಕೆಗೆ ಸಿಕ್ಕಿ ವೈರ್ ಕಿತ್ತುಬಂತು. ಗುಡಿಸಿದವನು ನಾನು. ತಪ್ಪು ನನ್ನದು."

ಯಜಮಾನರು ಅದನ್ನು ಎರಡು ಸಲ ಓದಿದರು. "ಏನ್ ಸಾರ್ ಇದು, ಬೈಯೋಣ ಅಂತ ಅಷ್ಟು ದೂರದಿಂದ ಬಂದ್ರೆ ನೀವೇ ಬೈಕೊಂಡು ಕೂತಿದೀರಲ್ಲ?"

"ಇನ್ನೂ ಮಿಕ್ಕಿದೆ, ಒಳಗೆ ಬಂದು ಬೈಯಿರಿ. ಕಾಫಿ ಆಗ್ತಾ ಇದೆ" ಎಂದರು ಸಾರ್.

ಕಾಫಿ ಆದಮೇಲೆ "ಬನ್ನಿ, ನಿಮ್ಮ ಛತ್ರ ಎಲ್ಲಿದೆ ತೋರಿಸ್ತೀನಿ" ಅಂತ ಮೂರನೆಯ ಕಂಪ್ಯೂಟರಿನ ಮುಂದೆ ನಿಲ್ಲಿಸಿದರು. ಯಜಮಾನರು ಹಸುವಿನ ಮೈ ಮುಟ್ಟುವ ಹಾಗೆ ಅದರ ಬದಿಗೆ ಅಂಗೈ ಇಟ್ಟು, "ಬಿಸಿ ಇದೆಯಲ್ಲ ಸಾರ್" ಎಂದರು.

"ಯಾರೋ ನಿಮ್ಮ ಛತ್ರ ನೋಡ್ತಾ ಇರ್ಬೇಕು."

ಯಜಮಾನರು ಆಮೇಲೆ ಬೇರೆ ಕಡೆ ಹೋಗುವ ಮಾತೇ ಆಡಲಿಲ್ಲ.

ಹೊಗಳಿಕೆಗೆ ಸುಳ್ಳು ಬೆರೆಸಬಾರದು. ಅವರ ಸೇವೆ ನಿಧಾನ. ಒಂದು ಫೋಟೋ ಮೇಲಿನಿಂದ ಕೆಳಗೆ ಇಳಿದು ಮುಗಿಯುವುದರಲ್ಲಿ ಒಂದು ಲೋಟ ನೀರು ಕುಡಿಯಬಹುದಿತ್ತು. ದೂರು ಹೇಳಿದರೆ ವಾದಿಸುತ್ತಿರಲಿಲ್ಲ. "ಅಗ್ಗದ್ದು, ನಿಧಾನ. ಎರಡೂ ನಿಜ. ವೇಗ ಬೇಕಾದ್ರೆ ಬೇರೆಯವರ ಹತ್ರ ಹೋಗಿ, ನಿಮ್ಮ ಫೈಲೆಲ್ಲ ನಾನೇ ಸಿಡಿಗೆ ಹಾಕಿ ಕೊಡ್ತೀನಿ" ಅನ್ನುತ್ತಿದ್ದರು. ಬಿಟ್ಟುಹೋಗುವವರಿಗೆ ಸಿಡಿಯ ಜೊತೆ ಆಂಟಿ ಎಲೆ ಅಡಿಕೆ ಕೊಡುತ್ತಿದ್ದರು, ಹೆಂಗಸರಾದರೆ ಅರಿಶಿನ ಕುಂಕುಮ ಕೂಡ. ಹಾಗೆ ಬೀಳ್ಕೊಂಡು ಹೋದ ಹಲವರು ವರ್ಷ ತುಂಬುವ ಮೊದಲೇ ಅದೇ ಸಿಡಿ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು. "ಅಲ್ಲಿ ಫೋನ್ ಮಾಡಿದ್ರೆ ಬರೀ ಹಾಡು ಕೇಳಿಸ್ತಾರ್ರೀ ಸರ, ಮನಷ್ಯಾರ ದನೀನ ಇಲ್ಲ" ಎಂದು ವಿಜಯನಗರದಲ್ಲಿ ಖಾನಾವಳಿ ಇಟ್ಟಿದ್ದ ಗದಗಿನವರೊಬ್ಬರು ಹೇಳಿದ್ದು ನೆನಪಿದೆ.

ಸಾರ್ ಕಟ್ಟುನಿಟ್ಟು ಮಾಡುತ್ತಿದ್ದದ್ದು ಬ್ಯಾಟರಿ ಕೋಣೆಯ ವಿಷಯದಲ್ಲಿ ಮಾತ್ರ. ಅಲ್ಲಿನ ಸಣ್ಣ ಕಿಟಕಿಯ ಗಾಜನ್ನು ಅವರೇ ತೆಗೆಸಿದ್ದರು. "ಬ್ಯಾಟರೀನೂ ಉಸಿರಾಡುತ್ತೆ ಕಣಮ್ಮ. ಆ ಉಸಿರು ಹೊರಗೆ ಹೋಗಬೇಕು" ಎಂದು ನನಗೆ ಹೇಳಿದ್ದರು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ, ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಸಮೀಕರಣ ಬರೆದು ಪೂರ್ತಿ ಅಂಕ ತಗೊಂಡಿದ್ದೆ.

ಪ್ರತಿ ಆಯುಧಪೂಜೆಗೆ ಗಿರಾಕಿಗಳಿಗೆಲ್ಲ ಕರೆ ಹೋಗುತ್ತಿತ್ತು. ಬಂದವರು ತಮ್ಮ ಸೈಟ್ ಇರುವ ಕಂಪ್ಯೂಟರಿಗೆ ಹೂವು ಮುಡಿಸಿ, ಪುರಿ-ಕಡಲೆ ತಗೊಂಡು ಹೋಗುವುದು ರೂಢಿ. ನನಗೆ ಅವರ ಪರಿಚಯವಾದ ಮೂರನೆಯ ವರ್ಷದ ಹಬ್ಬದಲ್ಲಿ ಅಲಂಕಾರ ನನಗೆ ಬಿಟ್ಟಿದ್ದರು. ಸ್ಟ್ಯಾಂಡಿಗೆ ಬಾಳೆಕಂದು ಕಟ್ಟಿದೆ. ನಾಲ್ಕೂ ಪೆಟ್ಟಿಗೆಗೆ ವಿಭೂತಿ ಎಳೆದೆ. ಬ್ಯಾಟರಿ ಕೋಣೆಗೂ ಕಳೆ ಬರಲಿ ಅನ್ನಿಸಿತು. ಹಳೆಯ ಬಚ್ಚಲು, ಗೋಡೆಯೆಲ್ಲ ಕಲೆ. ಕಿಟಕಿಯ ಗಾಳಿಗೆ ಅಲ್ಲಿಟ್ಟ ದೀಪ ಎರಡು ಸಲ ಆರಿತ್ತು. ಹಳದಿ ಬಣ್ಣದ ಕಾಗದ ತಂದಿದ್ದೆ. ಕಿಟಕಿಯ ಅಳತೆಗೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿದೆ. ಹೊರಗಿನ ಬಿಸಿಲು ಅದರೊಳಗಿಂದ ಹಾಯ್ದು ಕೋಣೆಯೆಲ್ಲ ಚಿನ್ನದ ಬಣ್ಣವಾಯಿತು. ಈ ಬಾರಿ ಗಾಳಿಯಾಡಲಿಲ್ಲ ಅಂತ ನನಗೆ ಸಮಾಧಾನವೇ ಆಯಿತು. ದೀಪವನ್ನು ಮಾತ್ರ, ಪುಣ್ಯಕ್ಕೆ, ಅಷ್ಟರಲ್ಲಿ ಮುಂದಿನ ಕೋಣೆಗೆ ತಂದಿಟ್ಟಿದ್ದೆ.

ಅಂದು ಬೆಳಗ್ಗೆ ಮೂರು ಗಂಟೆ ಕಾಲ ಕರೆಂಟ್ ಇರಲಿಲ್ಲ. ಬಂದ ಮೇಲೆ ಬರಿದಾಗಿದ್ದ ಬ್ಯಾಟರಿಗಳು ಜೋರಾಗಿ ಚಾರ್ಜ್ ಆಗುತ್ತಿದ್ದವು. ಪೂಜೆ ಹತ್ತಕ್ಕೇ ಮುಗಿಯಬೇಕಿತ್ತು. ಛತ್ರದ ಯಜಮಾನರು ಬೂದುಗುಂಬಳ ತರುತ್ತೇನೆಂದು ಹೇಳಿದ್ದರು, ತಮ್ಮ ಗಾಡಿಗಳ ಪೂಜೆ ಮುಗಿಸಿ ಬಂದಾಗ ಹನ್ನೊಂದು ದಾಟಿತ್ತು. ಉಳಿದವರು ಇನ್ನೂ ಬಂದಿರಲಿಲ್ಲ. ಆಂಟಿ ಒಳಗೆ ಉಸಲಿಗೆ ಒಗ್ಗರಣೆ ಹಾಕುತ್ತಿದ್ದರು. ಯಜಮಾನರು ಗೇಟಿನ ಹತ್ತಿರ ಕುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದರು. ಒಳಗಿದ್ದದ್ದು ಸಾರ್ ಮತ್ತು ನಾನು.

ಸಾರ್ ಕಂಪ್ಯೂಟರುಗಳಿಗೆ ಮಂಗಳಾರತಿ ಮಾಡಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಕರ್ಪೂರ ಇನ್ನೂ ಉರಿಯುತ್ತಿತ್ತು. ಪ್ರತಿ ವರ್ಷ ಆರತಿ ಅಲ್ಲಿಗೇ ಮುಗಿಯುತ್ತಿತ್ತು, ಬ್ಯಾಟರಿಗೆ ಬರೀ ಕುಂಕುಮ. ನನಗೇನು ಅನ್ನಿಸಿತೋ, "ದುಡಿಯೋದು ಅದೇ ತಾನೆ ಸಾರ್, ಅದಕ್ಕೂ ಒಂದು ಸಲ ತೋರಿಸ್ತೀನಿ" ಅಂತ ಹೇಳಿ ಆ ಬಾಗಿಲ ಕಡೆ ತಿರುಗಿದೆ. ಮೂರು ಹೆಜ್ಜೆ. ಆ ಮೂರು ಹೆಜ್ಜೆಗಳನ್ನು ನಾನು ಇವತ್ತಿಗೂ ಇಡುತ್ತಿರುತ್ತೇನೆ, ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ. ಎರಡನೆಯದರಲ್ಲಿ ನಿಲ್ಲಬೇಕು ಅಂದುಕೊಳ್ಳುತ್ತೇನೆ. ನಿಲ್ಲುವುದಿಲ್ಲ.

"ಬೇಡ" ಅನ್ನುವ ಧ್ವನಿ ಕೇಳಿಸಿತು. ಭುಜ ಹಿಡಿದು ಹಿಂದಕ್ಕೆ ಎಳೆದರು. ನಾನು ಗೋಡೆಗೆ ಬಡಿದುಕೊಂಡೆ. ನನಗೂ ಬಾಗಿಲಿಗೂ ನಡುವೆ ಅವರ ಬೆನ್ನು. ಅವರು ತಟ್ಟೆ ಕಿತ್ತುಕೊಂಡು ಉರಿಯುವ ಕರ್ಪೂರದ ಮೇಲೆ ಅಂಗೈ ಒತ್ತುತ್ತಿದ್ದರು. ಅಷ್ಟರಲ್ಲಿ ಆ ಶಬ್ದ. ಡಬ್ಬದೊಳಗೆ ಆಟಂಬಾಂಬ್ ಪಟಾಕಿ ಇಟ್ಟ ಹಾಗೆ, ಗಿಡ್ಡಗೆ, ಗಟ್ಟಿಯಾಗಿ. ಎರಡು ಬ್ಯಾಟರಿಗಳ ಮುಚ್ಚಳ ಹಾರಿ ಚಾವಣಿಗೆ ಬಡಿದವು, ಒಳಗಿನ ಆಸಿಡ್ ಸಿಡಿಯಿತು. ಆಮೇಲೆ ನನ್ನ ಕಿವಿಯಲ್ಲಿ ಬರೀ ಕುಯ್ ಅನ್ನುವ ಸದ್ದು.

ಸಾರ್ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ದುಪಟ್ಟಾದಿಂದ ಅವರ ಮುಖ ಒರೆಸಲು ಹೋದೆ.

"ಒರೆಸಬೇಡ. ನೀರು. ಕಣ್ಣಿಗೆ ನೀರು ಹೊಯ್ತಾನೇ ಇರು. ಸಾಕು ಅಂದ್ರೂ ನಿಲ್ಲಿಸಬೇಡ."

ಆಂಟಿ ಬಕೆಟ್ಟು ತಂದು ತಂದು ಕೊಟ್ಟರು, ನಾನು ಚೊಂಬಿನಲ್ಲಿ ಹೊಯ್ದೆ. ಅವರು ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಹಿಡಿದುಕೊಂಡಿದ್ದರು, ನೀರು ತಪ್ಪಿ ಕಿವಿಗೆ ಬಿದ್ದರೆ "ಈ ಕಡೆ" ಅನ್ನುತ್ತಿದ್ದರು. ಕಾಲು ಗಂಟೆಯಾದ ಮೇಲೆ ಯಜಮಾನರು ಅವರನ್ನು ಎತ್ತಿ ಜೀಪಿಗೆ ಹಾಕಿಕೊಂಡರು. ಜೀಪಿನ ಮುಂದೆ ಬಾಳೆಕಂದು, ಗಾಜಿಗೆ ಕುಂಕುಮ, ಚೆಂಡುಹೂವಿನ ಹಾರ. ದಾರಿಯಲ್ಲಿ ಎಲ್ಲ ಗಾಡಿಗಳೂ ಹಾಗೇ ಇದ್ದವು. ನಮಗೆ ಯಾರೂ ದಾರಿ ಬಿಡಲಿಲ್ಲ. ನಾವೂ ಹಬ್ಬಕ್ಕೇ ಹೊರಟಿದ್ದೇವೆ ಅಂದುಕೊಂಡಿರಬೇಕು.

ಬಲಗಣ್ಣು ಉಳಿಯಿತು. ಎಡಗಣ್ಣಿನಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ಉಳಿಯಿತು. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಮಾರನೆಯ ದಿನ ಆಸ್ಪತ್ರೆಯಲ್ಲಿ, ಆಂಟಿ ಔಷಧಿ ತರಲು ಹೋದಾಗ, ಬಾಯಿಬಿಟ್ಟೆ. "ಸಾರ್, ಆ ಕಿಟಕಿ—"

"ನೋಡಿದ್ದೆ ಕಣಮ್ಮ" ಎಂದರು. ಎರಡು ಕಣ್ಣಿಗೂ ಪಟ್ಟಿ ಕಟ್ಟಿತ್ತು. "ಹಳದಿ ಕಾಗದ. ಚೆನ್ನಾಗಿ ಕಾಣ್ತಾ ಇತ್ತು. ಇನ್ನೇನು ಪೂಜೆ ಮುಗಿಯುತ್ತೆ, ಆಮೇಲೆ ತೆಗೆದರಾಯ್ತು ಅಂದ್ಕೊಂಡೆ. ನೀನು ಆರತಿ ತಗೊಂಡು ಅಲ್ಲಿಗೆ ಹೋಗ್ತೀಯ ಅಂತ ಅಂದ್ಕೊಳ್ಳಲಿಲ್ಲ."

"ನಂಗೆ ಗೊತ್ತಿತ್ತು ಸಾರ್. ನಾನು ಕೆಮಿಸ್ಟ್ರಿ ಓದಿರೋಳು."

"ಓದಿರೋದು ಬೇರೆ, ಬಟ್ಟೆ ಸುಟ್ಕೊಂಡಿರೋದು ಬೇರೆ. ಗೊತ್ತಿದ್ದೋನು ನಾನು. ನೋಡಿ ಸುಮ್ಮನಿದ್ದೋನೂ ನಾನೇ." ದಿಂಬಿನ ಮೇಲೆ ತಲೆ ನನ್ನ ಕಡೆ ತಿರುಗಿಸಿ, "ಸೈಟೆಲ್ಲ ಬಿದ್ದಿರುತ್ತೆ. ಜನ ಬಂದು ನೋಡಿದ್ರೆ ಹಲಗೆ ಖಾಲಿ ಇರಬಾರದು. ಹೋಗಿ ಬರಿ" ಎಂದರು.

ಅವರು ಹೇಳಿದರು, ನಾನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಆ ಸಂಜೆಯೇ ಗೇಟಿನ ಒಳಗೆ ನಿಂತು ಹಲಗೆಗೆ ಇಳಿಸಿದೆ. "ನಿನ್ನೆ ಹನ್ನೊಂದೂವರೆಯಿಂದ ಸೈಟುಗಳು ಇಲ್ಲ. ಕಾರಣ: ಬ್ಯಾಟರಿ ಕೋಣೆಯ ಕಿಟಕಿ ಮುಚ್ಚಿತ್ತು. ಮುಚ್ಚಿದ್ದು ಗೊತ್ತಿದ್ದೂ ತೆಗೆಯಲಿಲ್ಲ. ತಪ್ಪು ನನ್ನದು." ಕೆಳಗೆ ನನ್ನ ಹೆಸರು ಬರೆಯಬಹುದಿತ್ತು. ಸೀಮೆಸುಣ್ಣ ಇನ್ನೂ ಕೈಯಲ್ಲೇ ಇತ್ತು. ಬರೆಯಲಿಲ್ಲ.

ಸೈಟುಗಳು ಮತ್ತೆ ಬರಲು ಐದು ದಿನ ಹಿಡಿಯಿತು. ಬೈಯಲು ಬಂದವರು ಹಲಗೆ ಓದಿ ಆಸ್ಪತ್ರೆಯ ವಿಳಾಸ ಕೇಳಿದರು. ಕೆಲವರು ಬಿಟ್ಟುಹೋದರು, ಅವರಿಗೂ ಆಂಟಿ ಎಲೆ ಅಡಿಕೆ ಕೊಟ್ಟರು. ಛತ್ರದ ಯಜಮಾನರು ಹೊಸ ಬ್ಯಾಟರಿ ಬರುವವರೆಗೆ ತಮ್ಮ ಛತ್ರದ ಜನರೇಟರನ್ನೇ ತಂದು ರಸ್ತೆಬದಿಗೆ ನಿಲ್ಲಿಸಿದರು. ಅದರ ಸದ್ದಿಗೆ ಇಡೀ ಬೀದಿ ನಮಗೆ ಶಾಪ ಹಾಕಿತು.

ಆಮೇಲೆ ಸಾರ್ ನನ್ನ ಜೊತೆ ಎಂದಿನ ಹಾಗೇ ಇದ್ದರು. ಮೆಟ್ಟಿಲು ಇಳಿಯುವಾಗ ಮಾತ್ರ ಎಡಗೈಯನ್ನು ಗೋಡೆಗೆ ಸವರಿಕೊಂಡು ಬರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಆಂಟಿಗೆ ನಿಜ ಹೇಳಬೇಕು ಅಂದುಕೊಳ್ಳುತ್ತಲೇ ನಾಲ್ಕು ವರ್ಷ ಕಳೆದೆ.

ನಾಲ್ಕು ಆಯುಧಪೂಜೆ ಕಳೆದ ಮೇಲಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದ ಸಾರ್ ಏಳಲಿಲ್ಲ. ಹೃದಯ ನಿಂತಿತ್ತು. ವೈಕುಂಠ ಸಮಾರಾಧನೆಯನ್ನು ಯಜಮಾನರು ಹಟ ಹಿಡಿದು ತಮ್ಮ ಛತ್ರದಲ್ಲೇ ಮಾಡಿಸಿದರು. ನಾನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಆಂಟಿಯ ಹತ್ತಿರ ಕೂತು ಎಲೆ ಒರೆಸುತ್ತಿದ್ದೆ. ಅವರು ಒಬ್ಬರೇ ಇದ್ದ ಹೊತ್ತು ನೋಡಿ ಹೇಳಿದೆ.

"ಆಂಟಿ, ಅವತ್ತು ಕಿಟಕಿ ಮುಚ್ಚಿದ್ದು ಸಾರ್ ಅಲ್ಲ. ನಾನು."

ಆಂಟಿಯ ಕೈ ನಿಂತಿತು. ಅವರಿಗೆ ಗೊತ್ತೇ ಇರಲಿಲ್ಲ. ಸಾರ್ ಹೆಂಡತಿಗೂ ಹೇಳಿರಲಿಲ್ಲ.

"ಪ್ರತಿ ಆಯುಧಪೂಜೆಗೂ ಅವರಿಗೆ ಬೈತಿದ್ದೆ ಕಣೇ" ಎಂದರು. "ಕಿಟಕಿ ಮುಚ್ಚಬಾರದು ಅನ್ನೋಷ್ಟು ಬುದ್ಧಿ ಇರಲಿಲ್ವಾ ನಿಮಗೆ, ಅಂತ. ಇರಲಿಲ್ಲ ಕಣೇ, ಅಂತಿದ್ರು. ನಗ್ತಾ ಇದ್ರು. ನಾಲ್ಕು ವರ್ಷ ಬೈದೆ."

ನನಗೆ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಎಲೆಯ ಕಟ್ಟನ್ನು ನನ್ನ ಕಡೆ ತಳ್ಳಿ, "ಹೋಗು, ಪಂಕ್ತಿ ಕಾಯ್ತಾ ಇದೆ. ಎಲೆ ಹಾಕು" ಎಂದರು. ಪಂಕ್ತಿಯಲ್ಲಿ ಕೂತವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅವರ ಗಿರಾಕಿಗಳು. ಬಿಟ್ಟುಹೋದವರೂ ಇದ್ದರು.

ಮುಂದೆ ಐದಾರು ತಿಂಗಳು ಆಂಟಿ ನನ್ನ ಜೊತೆ ಮಾತಾಡಲಿಲ್ಲ. ಬ್ಯಾಡರಹಳ್ಳಿಯ ತಂಗಿಯ ಮನೆಗೆ ಹೋಗಿದ್ದಾರೆ ಅಂತ ಮಾತ್ರ ತಿಳಿಯಿತು. ಆ ವರ್ಷದ ಆಯುಧಪೂಜೆಯ ಬೆಳಗ್ಗೆ ನನ್ನ ಫೋನ್ ರಿಂಗಾಯಿತು.

"ಏನೇ" ಎಂದರು ಆಂಟಿ. ಕ್ಷೇಮಸಮಾಚಾರ ಏನೂ ಇಲ್ಲ. "ಕಿಟಕಿ ಮುಚ್ಚಬಾರದು ಅನ್ನೋಷ್ಟು ಬುದ್ಧಿ ಇರಲಿಲ್ವೇನೇ ನಿಂಗೆ?"

"ಇರಲಿಲ್ಲ ಆಂಟಿ" ಎಂದೆ.

ಅವರು ಪೂರ್ತಿ ಬೈದರು, ಉಸಿರು ತಗೊಂಡು ಮತ್ತೆ ಬೈದರು. ನಾನು ನಿಂತುಕೊಂಡೇ ಕೇಳಿದೆ. ಕೊನೆಗೆ ಮೂಗು ಒರೆಸಿಕೊಂಡು "ತಿಂಡಿ ಆಯ್ತಾ?" ಎಂದು ಕೇಳಿದರು. ಈಗಲೂ ವರ್ಷಕ್ಕೊಮ್ಮೆ, ಅದೇ ದಿನ ಬೆಳಗ್ಗೆ, ಆ ಫೋನ್ ಬರುತ್ತದೆ. ಅಂದು ನಾನು ಎಲ್ಲಿಗೂ ಹೋಗದೆ ಕಾಯುತ್ತೇನೆ.