ಮೊಟ್ಟೆ ಟ್ರೇಯ ನೇರಳೆ ಕಾಳು

ನೆಲಿಡಾ ಚುಕಿಮಾಂಗೊ ಮೊದಲ ಸಲ ಸೆಫೆರಿನಾಳ ಬಾಗಿಲಿಗೆ ಬಂದದ್ದು ಅಲ್ಲಿನ ಚಳಿಗಾಲ ಶುರುವಾಗುವ ಜೂನ್ ತಿಂಗಳ ಒಂದು ಮಂಗಳವಾರ, ಬೆಟ್ಟದ ಹೊಲಗಳಲ್ಲಿ ಆಲೂಗಡ್ಡೆ ಅಗೆದು ಮುಗಿದ ಮೇಲೆ. ಹೆಗಲಿಗೆ ಮಂಜುಗಡ್ಡೆಯ ಪೆಟ್ಟಿಗೆ, ತಲೆಯ ಮೇಲೆ ಎತ್ತರದ ಹುಲ್ಲಿನ ಟೋಪಿ. ಪಕ್ಕದ ಕಣಿವೆಯ ಟೋಪಿ ಹೆಣೆಯುವವಳ ಮಗಳು. ಓದಿ ಡಾಕ್ಟರಾಗಿದ್ದರೂ ಅವಳ ಕೆಲಸ ಮದ್ದು ಕೊಡುವುದಲ್ಲ, ಎಳೆಮಕ್ಕಳ ಕೆಮ್ಮಿನ ಹಿಂದೆ ಯಾವ ವೈರಸ್ ಇದೆ ಎಂದು ಹುಡುಕುವುದು. ಹತ್ತಿ ಸುತ್ತಿದ ಕಡ್ಡಿಯನ್ನು ಮಗುವಿನ ಮೂಗಿನೊಳಗೆ ಆಡಿಸಿ, ಪೆಟ್ಟಿಗೆಯಲ್ಲಿಟ್ಟು ಕಾಹಾಮಾರ್ಕಾ ಪಟ್ಟಣಕ್ಕೆ ಕಳಿಸುತ್ತಿದ್ದಳು. ಹೆಂಗಸರು ಅವಳಿಗೆ ಮೂಗಿನ ಡಾಕ್ಟರಮ್ಮ ಎಂದು ಹೆಸರಿಟ್ಟರು.

ನಲವತ್ತು ಮನೆಗೂ ಚೌಕಗಳಿದ್ದ ಕಾಗದ ಕೊಟ್ಟು, ಕೆಮ್ಮಿದ ದಿನಕ್ಕೆ ಗುರುತು ಹಾಕಿ, ಶುರುವಾದ ದಿನವೇ ಹೇಳಿಕಳಿಸಿ ಎಂದಳು. ಸೆಫೆರಿನಾಳಿಗೆ ತನ್ನ ಹೆಸರಿನ ಹೊರತು ಬೇರೆ ಅಕ್ಷರ ಬಾರದು. ಅವಳು ಮೂವತ್ತು ಗುಳಿಯ ಮೊಟ್ಟೆ ಟ್ರೇ ಒಂದನ್ನು ಗೂಡಿನಲ್ಲಿಟ್ಟು, ಮೊಮ್ಮಗ ಎಲ್ಮೆರ್ ಚೆನ್ನಾಗಿದ್ದ ದಿನ ಬಿಳಿ ಜೋಳದ ಕಾಳು, ಕೆಮ್ಮಿದ ದಿನ ನೇರಳೆ ಕಾಳು ಹಾಕತೊಡಗಿದಳು.

ನೆಲಿಡಾ ಅದನ್ನು ನೋಡಿ ನಕ್ಕಳು. "ಕಾಗದಕ್ಕಿಂತ ಇದೇ ವಾಸಿ ಅಜ್ಜಿ. ಆದ್ರೆ ನೇರಳೆ ಕಾಳನ್ನ ಅಡುಗೆಮನೇಲಿ ಓಡಾಡೋ ನಿಮ್ಮ ಗಿನಿಹಂದಿ ತಿಂದ್ಬಿಟ್ರೆ, ಕೆಮ್ಮು ಹೋಯ್ತು ಅಂತ ಬರ್ಕೊಂಡ್ಬಿಡ್ತೀನಿ ನೋಡಿ."

ಎರಡು ತಿಂಗಳ ಮೇಲೆ ಎಲ್ಮೆರ್ ತೀರಿಕೊಂಡ. ಏಳು ತಿಂಗಳ ಕೂಸು. ಕೆಮ್ಮು ಇವತ್ತೇ ಶುರುವಾಯಿತೆಂದು ಅವನ ತಾಯಿ, ಸೆಫೆರಿನಾಳ ಮಗಳು ಇದೆಲ್ಸಾ, ಹೇಳಿಕಳಿಸಿದ್ದಳು. ಅದರ ಮೂರನೆಯ ದಿನ ಉಸಿರು ನಿಂತಿತ್ತು. ಪಟ್ಟಣದಿಂದ ಉತ್ತರ ಬಂತು: ಎಲ್ಮೆರ್‌ನ ಕಡ್ಡಿಯಲ್ಲಿ ಏನೂ ಸಿಗಲಿಲ್ಲ, ಬೇರೆ ಮನೆಗಳ ಕಡ್ಡಿಗಳಲ್ಲೂ ಇಲ್ಲ. ಅಲ್ಲಿ ಮಕ್ಕಳನ್ನು ಕೊಲ್ಲುತ್ತಿರುವುದು ಒಲೆಯ ಹೊಗೆ; ಈ ಕೆಲಸ ವರ್ಷದ ಕೊನೆಗೆ ನಿಲ್ಲಲಿ, ಊರಿನ ಆರೋಗ್ಯ ಕೇಂದ್ರಕ್ಕೆಂದು ನೀವು ಕೇಳಿದ ಆಮ್ಲಜನಕದ ಸಿಲಿಂಡರ್ ಬೇಕಾಗಿಲ್ಲ. ಹೊಗೆಯ ಮಾತು ಕಿವಿಗೆ ಬಿದ್ದದ್ದೇ ಇದೆಲ್ಸಾ ತನ್ನ ಒಲೆಯನ್ನು ಬರಿಗೈಯಲ್ಲಿ ಕಿತ್ತೆಸೆದು, ಕೊರೆಯುವ ಗಾಳಿಯಲ್ಲಿ ಅಂಗಳದಲ್ಲಿ ಬೇಯಿಸತೊಡಗಿದಳು.

ನೆಲಿಡಾ ಬಂದು ಗೂಡಿನ ಎದುರು ಕೂತಳು. ಟ್ರೇಯ ಕಾಳುಗಳನ್ನು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಅಜ್ಜಿ, ಇಲ್ಲಿ ಎಂಟು ನೇರಳೆ ಇದೆ. ಇದೆಲ್ಸಾ ಹೇಳಿದ ಲೆಕ್ಕಕ್ಕೆ ಮೂರೇ ಆಗ್ಬೇಕು."

ಸೆಫೆರಿನಾಳ ಕೈಯ ತಕಲಿ ನಿಂತಿತು. ಹೇಳಿದರೆ ಮಗಳು ಸುಳ್ಳಿಯಾಗುತ್ತಾಳೆ. ಹೇಳದಿದ್ದರೆ ಒಲೆ ಹಚ್ಚಿದ ಪಾಪ ಹೊತ್ತೇ ಸಾಯುತ್ತಾಳೆ.

"ಐದು ದಿನ ಬಾಯಲ್ಲಿ ಹೇಳಬಾರ್ದು ಮಗಳೇ," ಎಂದಳು. "ಮಗೂಗೆ ನಿದ್ದೆ ಮಂಪರು ಅನ್ಬೇಕು ಅಷ್ಟೆ. ಹೆಸರು ಕೇಳಿಸ್ಕೊಂಡ್ರೆ ಕಾಯಿಲೆ ಅಲ್ಲೇ ಕೂತ್ಬಿಡತ್ತೆ. ಕಾಳಿಗೆ ಬಾಯಿಲ್ವಲ್ಲ, ಅದಕ್ಕೇ ಇಟ್ಟೆ."

"ಎಲ್ಲಾ ಮನೇಲೂ ಹೀಗೇನಾ?"

"ನಿಮ್ಮಮ್ಮನೂ ಹೀಗೇ ಮಾಡಿರ್ತಾಳೆ. ಓದೋಕ್ ಹೋಗಿ ನೀನೇ ಮರ್ತಿದೀಯ."

ನೆಲಿಡಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಚಿಕ್ಕಂದಿನಲ್ಲಿ ತನ್ನ ತಮ್ಮ ಮಂಪರಿನಲ್ಲಿ ಮಲಗಿದ್ದು ಅವಳಿಗೆ ನೆನಪಾಯಿತು. ಕಡ್ಡಿಗೆ ವೈರಸ್ ಚೆನ್ನಾಗಿ ಸಿಗುವುದು ಮೊದಲ ದಿನಗಳಲ್ಲಿ. ತಾನು ಪ್ರತಿ ಮನೆಗೂ ಆರನೆಯ ದಿನ ಹೋಗಿದ್ದಳು.

ಅವಳು ಯಾರನ್ನೂ ಬೈಯಲಿಲ್ಲ, ಪದ್ಧತಿ ಬಿಡಿ ಎಂದೂ ಹೇಳಲಿಲ್ಲ. ಇನ್ನೊಂದು ಚಳಿಗಾಲ ಕೊಡಿ ಎಂದು ಪಟ್ಟಣಕ್ಕೆ ಬರೆದು ಒಪ್ಪಿಸಿದಳು. ಮನೆಗೊಂದು ಮೊಟ್ಟೆ ಟ್ರೇ ಕೊಟ್ಟು, ದಿನಾ ಸಂಜೆ ಸುತ್ತಿದಳು. ನೇರಳೆ ಕಾಳು ಕಂಡರೆ ಏನೂ ಕೇಳದೆ ಕಡ್ಡಿ ಆಡಿಸಿ ಹೋಗುತ್ತಿದ್ದಳು. ಮುಂದಿನ ಚಳಿಗಾಲಕ್ಕೆ ಹತ್ತು ಕಡ್ಡಿಗಳಲ್ಲಿ ನಾಲ್ಕರಲ್ಲಿ ವೈರಸ್ ಸಿಕ್ಕಿತು. ಸಿಲಿಂಡರ್‌ಗಳೂ ಬಂದವು. ಎಲ್ಮೆರ್‌ಗೆ ಬಂದದ್ದು ಇದೇ ಎಂದು ತಾನು ಆಣೆ ಮಾಡಲಾರೆ, ಆದರೆ ಒಲೆಯದೇ ತಪ್ಪು ಎಂದು ಇನ್ನು ಯಾರೂ ಹೇಳಲಾರರು ಎಂದು ನೆಲಿಡಾ ಇದೆಲ್ಸಾಳ ಪಕ್ಕದಲ್ಲಿ ಕೂತು ಹೇಳಿದಳು. ಇದೆಲ್ಸಾ ಅಂದು ಮೂರು ಕಲ್ಲು ಒಳಗೆ ತಂದಿಟ್ಟಳು.

ಹೀಗೆ ಹನ್ನೊಂದು ವರ್ಷ ನಡೆಯಿತು. ಹನ್ನೆರಡನೆಯ ಜೂನ್‌ನಲ್ಲಿ ನೆಲಿಡಾ ತಾನೇ ಕೆಮ್ಮುತ್ತ ಬಂದಳು. ದಾರಿಯ ಧೂಳು ಎಂದಳು. ಸೆಫೆರಿನಾ ಒಳಗೆ ಹೋಗಿ ಬೇರೊಂದು ಟ್ರೇಯಲ್ಲಿ ನೇರಳೆ ಕಾಳೊಂದನ್ನು ಹಾಕಿದಳು, ಮರುದಿನ ಮತ್ತೊಂದು.

ಕೊನೆಗೆ ನೆಲಿಡಾಳನ್ನು ಪಟ್ಟಣಕ್ಕೆ ಒಯ್ಯಲು ಆರೋಗ್ಯ ಕೇಂದ್ರದ ಮುಂದೆ ಲಾರಿ ಬಂದು ನಿಂತಿತು. ತಾನೇ ತರಿಸಿದ ಸಿಲಿಂಡರಿನ ನಳಿಗೆ ಅವಳ ಮೂಗಿನಲ್ಲಿತ್ತು. ಆಮೇಲೆ ಅವಳು ಆ ಬೆಟ್ಟ ಹತ್ತಲಿಲ್ಲ. ಲಾರಿ ಹೊರಡುವ ಮುಂಚೆ ಸೆಫೆರಿನಾಳ ಕೈ ಹಿಡಿದು, ಉಸಿರು ಕೂಡಿಸಿಕೊಂಡು ಕೇಳಿದಳು:

"ಆಸ್ಪತ್ರೆ ಚೀಟೀಲಿ ಕೆಮ್ಮು ಶುರುವಾಗಿ ಎರಡು ದಿನ ಅಂತ ಬರೆಸ್ಬಿಟ್ಟಿದೀನಿ ಅಜ್ಜಿ. ನಿಮ್ಮ ಟ್ರೇಲಿ ನಂದು ಎಷ್ಟು ಕಾಳಿದೆ?"