ಫ್ಯೂಸಿನ ಜಾಗದಲ್ಲಿದ್ದ ತಂತಿ

ಕಳೆದ ವಾರ ಪಕ್ಕದ ಮನೆಯ ಮೀಟರಿನ ಹತ್ತಿರ ವೈರು ಸುಟ್ಟಿತು. ದೊಡ್ಡದೇನೂ ಆಗಲಿಲ್ಲ, ಲೈನ್‌ಮನ್ ಬಂದು ಸರಿಮಾಡಿ ಹೋದ. ಆದರೆ ಸುಟ್ಟ ರಬ್ಬರಿನ ವಾಸನೆ ನಮ್ಮ ಪಡಸಾಲೆಯವರೆಗೂ ಬಂತು. ನಾನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದೆ. ಹಿಂದೆ ನನ್ನ ಕಾರಿನ ಕರೆಂಟಿನ ಕೆಲಸ ನೋಡುತ್ತಿದ್ದ ಮೇಸ್ತ್ರಿ ತೀರಿಕೊಂಡು ಆಗ ಒಂದು ತಿಂಗಳೂ ಆಗಿರಲಿಲ್ಲ. ಸುದ್ದಿ ಬಂದ ದಿನ ನನಗೆ ಏನೂ ಅನ್ನಿಸಿರಲಿಲ್ಲ. ಈ ವಾಸನೆ ಬಂದಾಗಲೂ ಅಳು ಬರಲಿಲ್ಲ. ಕೈ ತೊಳೆದುಕೊಂಡು ಕುಳಿತೆ...

ಎರಡನೇ ಮಹಾಯುದ್ಧ ಮುಗಿದ ಮೇಲೆ ನಾನೊಂದು ಹಳೆಯ ಕಾರು ಕೊಂಡಿದ್ದೆ. ಬಳ್ಳಾರಿಯಿಂದ ಕುರುಗೋಡಿಗೆ, ಸಿರುಗುಪ್ಪಕ್ಕೆ ಬಾಡಿಗೆ ಓಡಿಸುತ್ತಿದ್ದೆ. ನನಗಿಂತ ಮುಂಚೆ ಅದು ಮೂವರ ಕೈ ದಾಟಿತ್ತು. ಒಬ್ಬ ಎರಡನೇ ಹಾರ್ನು ಕೂಡಿಸಿದ್ದ, ಇನ್ನೊಬ್ಬ ಹಿಂದೆ ಒಂದು ದೀಪ ಹಾಕಿಸಿದ್ದ, ಮತ್ತೊಬ್ಬ ಆ ದೀಪ ಕಿತ್ತು ವೈರನ್ನು ಹಾಗೇ ಬಿಟ್ಟಿದ್ದ. ಕೌಲ್ ಬಜಾರಿನ ಬೇವಿನ ಮರದ ಕೆಳಗೆ ಕಾರುಗಳ ಕರೆಂಟಿನ ಕೆಲಸ ಮಾಡುತ್ತಿದ್ದ ಮೇಸ್ತ್ರಿ ಮೊದಲ ದಿನ ಒಳಗೆ ಬಗ್ಗಿ ನೋಡಿ ನಕ್ಕುಬಿಟ್ಟಿದ್ದರು.

"ಇದು ಕಾರಲ್ರೀ ಸಾವ್ಕಾರ್ರ, ಕೌದಿ. ಬಂದಬಂದವ್ರು ಒಂದೊಂದು ತುಂಡು ಹಚ್ಚ್ಯಾರ."

ನಾನು ಸಾಹುಕಾರನಾಗಿರಲಿಲ್ಲ. ಆ ಕಾರಿಗಾಗಿಯೇ ಹಾಗೆ ಕರೆಯುತ್ತಿದ್ದರು.

ಅವರು ಪ್ರತಿ ವೈರಿಗೂ ಬಣ್ಣದ ದಾರ ಕಟ್ಟುತ್ತಿದ್ದರು. ದೀಪದ್ದಕ್ಕೆ ಕೆಂಪು, ಹಾರ್ನಿನದಕ್ಕೆ ಹಸಿರು. ಎಲ್ಲಿಗೆ ಹೋಗುತ್ತದೆಂದು ಗೊತ್ತಾಗದ ವೈರಿಗೆ ಕಪ್ಪು. ಕಪ್ಪು ದಾರದ ವೈರನ್ನು ಯಾರು ಹೇಳಿದರೂ ಕತ್ತರಿಸುತ್ತಿರಲಿಲ್ಲ. "ಯಾರೋ ಯಾವುದಕ್ಕೋ ಹಾಕ್ಯಾರ. ತಿಳಕೊಳ್ದ ಕಡಿಯಾಕ ನಾನೇನು ಕಟಿಗಿ ಅಡ್ಡ್ಯಾಗ ಕುಂತೀನೇನು?" ಎನ್ನುತ್ತಿದ್ದರು. ಅಂಥ ವೈರನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಸ್ವಲ್ಪ ಸ್ವಲ್ಪವೇ ಎಳೆಯುತ್ತಿದ್ದರು. ಬ್ಯಾಟರಿ ಬಿಚ್ಚುತ್ತಿರಲಿಲ್ಲ. ಎಳೆಯುವಾಗ ಎಲ್ಲಿ ಫ್ಯೂಸ್ ಹಾರುತ್ತದೋ ಅಲ್ಲೇ ದೋಷ ಎಂಬುದು ಅವರ ಲೆಕ್ಕ. ಅದಕ್ಕೇ ಕೈ ಹಾಕುವ ಮುಂಚೆ ಗಿರಾಕಿಗೆ ಒಂದೇ ಮಾತು ಕೇಳುತ್ತಿದ್ದರು: ಫ್ಯೂಸ್ ಯಾವುದು ಐತಿ? ಗಿರಾಕಿ ಹೇಳಿದ್ದನ್ನು ನಂಬುತ್ತಿದ್ದರು.

ನನಗೂ ನಾಲ್ಕು ಗಾಜಿನ ಫ್ಯೂಸುಗಳನ್ನು ನಶ್ಯದ ಡಬ್ಬಿಯಲ್ಲಿ ಹಾಕಿಕೊಟ್ಟಿದ್ದರು. "ಇವು ತೀರಿದ್ರ ಕತ್ತಲಾಗ ನಿಲ್ರಿ. ತಂತಿ ಮಾತ್ರ ಹಾಕಬ್ಯಾಡ್ರಿ," ಎಂದಿದ್ದರು.

ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಸಿರುಗುಪ್ಪದ ತವರಿನಲ್ಲಿದ್ದಳು. ಹೆತ್ತ ಐದನೇ ದಿನಕ್ಕೆ ಜ್ವರ ಏರಿತು. ಬಳ್ಳಾರಿಯ ಆಸ್ಪತ್ರೆಗೆ ಒಯ್ಯಿರಿ ಎಂದರು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆ. ತೆಕ್ಕಲಕೋಟೆ ದಾಟುವಷ್ಟರಲ್ಲಿ ಹೊತ್ತು ಮುಳುಗಿತು, ದೀಪ ಹಚ್ಚಿದೆ. ಕಾರು ಕುಲುಕಿದಾಗಲೆಲ್ಲ ಫ್ಯೂಸ್ ಹಾರಿತು. ಕಾರಿನಲ್ಲಿದ್ದದ್ದು ಹೋಯಿತು, ಡಬ್ಬಿಯ ನಾಲ್ಕೂ ಹೋದವು. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ ಅತ್ತೆ ಕೇಳಿದರು:

"ಏನ್ರೀ ಅಳಿಯಾರ, ಇದು ಹೋಗತೈತೇನು, ಇಲ್ಲಾ ಎತ್ತಿನ ಬಂಡಿ ನೋಡ್ಲ್ಯಾ?"

ದಪ್ಪ ತಾಮ್ರದ ತಂತಿಯ ತುಂಡೊಂದನ್ನು ಬಗ್ಗಿಸಿ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದೆ. ದೀಪ ಬಂತು. ಬಳ್ಳಾರಿಯವರೆಗೂ ಆರಲಿಲ್ಲ. ಹೆಂಡತಿ ಬದುಕಿದಳು.

ತಂತಿಯನ್ನು ಆಮೇಲೆ ನಾನು ತೆಗೆಯಲಿಲ್ಲ. ದೀಪ ಮತ್ತೆ ಕೈಕೊಡಲಿಲ್ಲವಲ್ಲ... ಡಬ್ಬಿ ಖಾಲಿಯಾಗಿದೆ ಎಂದು ಮೇಸ್ತ್ರಿಗೆ ಹೇಳಲು ನಾಚಿಕೆಯೂ ಇತ್ತು.

ಎರಡು ತಿಂಗಳ ಮೇಲೆ ಬ್ಯಾಟರಿ ದಿನಾ ಬೆಳಿಗ್ಗೆ ಸತ್ತಿರತೊಡಗಿತು. ಕಾರು ಒಯ್ದೆ. "ಕಪ್ಪು ದಾರದ ಮ್ಯಾಲೇ ನನಗ ಅನುಮಾನ," ಎಂದು ಮೇಸ್ತ್ರಿ ಹಿಂದಿನ ಸೀಟು ಎತ್ತಿದರು. ವೈರನ್ನು ಬಲಗೈಗೆ ಸುತ್ತಿಕೊಂಡರು. ತಲೆ ಎತ್ತದೆ ಕೇಳಿದರು.

"ಫ್ಯೂಸ್ ಯಾವುದು ಐತ್ರಿ?"

"ನೀವು ಕೊಟ್ಟಿದ್ದೇ," ಎಂದೆ.

ಅವರು ಎಳೆಯತೊಡಗಿದರು. ನಿಲ್ಲಿರಿ ಎನ್ನುವಷ್ಟು ಹೊತ್ತು ಇತ್ತು. ನಾನು ಅವರ ಹಿಂದೆಯೇ ನಿಂತಿದ್ದೆ. ಹೇಳಲಿಲ್ಲ... ಸವೆದ ವೈರು ಕಬ್ಬಿಣಕ್ಕೆ ತಾಗಿತು. ಫ್ಯೂಸ್ ಇದ್ದಿದ್ದರೆ ಟಪ್ ಎಂದು ಹಾರಿ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ತಂತಿ ಹಾರಲಿಲ್ಲ. ವೈರೇ ಕಾದು ಕೆಂಪಾಯಿತು. ಕರಗಿದ ರಬ್ಬರು ಅಂಗೈಗೆ ಅಂಟಿತು, ಸುತ್ತು ಬಿಚ್ಚಲಾಗಲಿಲ್ಲ.

"ಬ್ಯಾಟರಿ! ಬ್ಯಾಟರಿ ಕೀಳ್ರಿ!"

ಓಡಿಹೋಗಿ ಕಿತ್ತೆ. ತಡವಾಗಿತ್ತು.

ಗಾಯ ಮಾಯಿತು. ಮೂರು ಬೆರಳು ಒಳಕ್ಕೆ ಬಾಗಿ ಹಾಗೇ ನಿಂತವು. ಸಣ್ಣ ಎಳೆ ಹಿಡಿಯಲಾಗದು, ಗಂಟು ಹಾಕಲಾಗದು. ಕೈಗೆ ಪಟ್ಟಿ ಇದ್ದಾಗಲೇ ಒಂದು ದಿನ ಎಡಗೈಯಿಂದ ಫ್ಯೂಸಿನ ಮುಚ್ಚಳ ತೆಗೆದರು. ತಂತಿಯನ್ನು ನೋಡಿದರು. ಹೊರಗೆ ತೆಗೆದು ಕಸಕ್ಕೆ ಹಾಕಿ ಹೊಸ ಫ್ಯೂಸ್ ಕೂರಿಸಿದರು. ನನ್ನ ಕಡೆ ನೋಡಲಿಲ್ಲ. ಏನಾಯ್ತು ಮೇಸ್ತ್ರಿ ಎಂದು ಕೇಳಿದವರಿಗೆಲ್ಲ, "ನಂದ ತಪ್ಪು. ಬ್ಯಾಟರಿ ಬಿಚ್ಚಬೇಕಿತ್ತು," ಎಂದರು. ನಾನು ಅಲ್ಲೇ ಇರುತ್ತಿದ್ದೆ. ಮುಂದೆ ಅವರು ಸೈಕಲ್ ಪಂಕ್ಚರ್ ಹಾಕಿ ಬದುಕಿದರು. ಆ ಕಾರನ್ನು ನಾನು ಮಾರಿದೆ. ಎದುರಾದಾಗ "ಏನ್ರೀ ಸಾವ್ಕಾರ್ರ" ಎನ್ನುವುದನ್ನು ಅವರು ಬಿಡಲಿಲ್ಲ...

ಮೊನ್ನೆ ಕುರುಗೋಡಿಗೆ ಹೋಗಿದ್ದೆ. ಕೊನೆಯ ವರ್ಷಗಳನ್ನು ಅವರು ಅಲ್ಲಿ ಮಗಳ ಮನೆಯಲ್ಲಿ ಕಳೆದಿದ್ದರು. ಮಗಳು ಕಟ್ಟೆಯ ಮೇಲೆ ಚಾಪೆ ಹಾಸಿದಳು.

"ನಿಮ್ಮ ಕಾರಿನಾಗ ಅಲ್ಲೇನ್ರೀ ಕಾಕಾ, ಅಪ್ಪನ ಕೈ ಸುಟ್ಟಿದ್ದು? ಬ್ಯಾಟರಿ ಬಿಚ್ಚದ ಕೈ ಹಾಕಿದ್ನಂತ. ಅವ್ವ ಸಾಯೂ ತನಕ ಬೈದ್ಲು ನೋಡ್ರಿ, ಇಷ್ಟು ಬಲ್ಲಾಂವ ಹಂಗ್ಯಾಕ ಮಾಡಿದಿ ಅಂತ. ಇಂವ ತಲಿ ಬಗ್ಗಿಸಿ ಉಣ್ಣಾಂವ."

ಆಗ ನಾನು ಹೇಳಿದೆ. ತಂತಿ ಹಾಕಿದ್ದು, ಕೇಳಿದಾಗ ಸುಳ್ಳು ಹೇಳಿದ್ದು, ಎಲ್ಲ. ಅವಳು ಸೆರಗಿನ ಚುಂಗು ಹಿಡಿದುಕೊಂಡು ಕೇಳಿದಳು.

"ಅಪ್ಪಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವ."

ಸೆರಗು ಕೈಬಿಟ್ಟಳು. ಆಮೇಲೆ, "ಅವ್ವ ಇದ್ದಾಗರ ಬಂದು ಹೇಳಬೇಕಿತ್ರೀ," ಎಂದು ಎದ್ದು ಒಳಗೆ ಹೋದಳು.

ನಾನು ಕಾದೆ. ಅವಳು ಹೊರಗೆ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದೆ.