ಮರೆವ್ವನ ತಳಿ

ಕಿರ್ರೋ ಧಡ್, ಕಿರ್ರೋ ಧಡ್. ಕುಬಿಹಾಳದಲ್ಲಿ ಮರೆವ್ವನ ಬಾಗಿಲೆದುರಿನ ಬೋರಿಂಗಿನ ಕೈಪಂಪಿನ ಸದ್ದು ಎಂಬತ್ತೈದರ ಮಳೆಗಾಲದ ಕೊನೆಗೆ ನಿಧಾನವಾಯಿತು. ಜ್ವರ ಬಂದವರ ಕೀಲುಗಳು ಬಿಗಿದು, ಹಿಡಿಕೆ ಒತ್ತಲು ರಟ್ಟೆ ಏಳುತ್ತಿರಲಿಲ್ಲ. ಮರೆವ್ವನಿಗೂ ಅವಳ ಮಗ ಅಂದಾನೆಪ್ಪನಿಗೂ ಮೈ ಕಾಯಿತು.

ಮರುದಿನವೇ ಪುಣೆಯ ಪ್ರಯೋಗಾಲಯದಿಂದ ಜೀಪು ಬಂತು. "ಇದು ಸೊಳ್ಳೆ ಹರಡುವ ವೈರಸ್ಸು. ಯಾವ ತಳಿ ಅಂತ ಗೊತ್ತಾಗಬೇಕು, ರಕ್ತ ಕೊಡಿ," ಎಂದರು ಡಾಕ್ಟರು.

ತಳಿ ಎಂದರೆ ಊರಿಗೆ ಹತ್ತಿಬೀಜದ ಮಾತು. ಯಾವ ಬೀಜ ಯಾವ ಗಿಡದ್ದೆಂಬ ಮಾತು. ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿತು: ರಕ್ತ ನೋಡಿ ಯಾರು ಯಾರಿಗೆ ಹುಟ್ಟಿದವರೆಂದು ಹೇಳುತ್ತಾರಂತೆ. ಊರಿನ ತೋಳುಗಳೆಲ್ಲ ಸೆರಗು, ಕಂಬಳಿಗಳೊಳಗೆ ಅಡಗಿದವು.

ಅಂದಾನೆಪ್ಪ ಹುಟ್ಟಿದ್ದು ಅಪ್ಪ ತೀರಿಕೊಂಡ ಮೇಲೆ. ಊರು ಆ ನಡುವಿನ ತಿಂಗಳುಗಳನ್ನು ಇನ್ನೂ ಎಣಿಸುತ್ತಲೇ ಇತ್ತು.

"ನೀ ಹಿಂದ ಸರಿ ಬೇ ಮರೆವ್ವಾ," ಬೋರಿಂಗಿನ ಕಟ್ಟೆಯ ಮೇಲೆ ನರಳುತ್ತ ಕುಳಿತಿದ್ದ ನೆರೆಮನೆಯ ಸಾವಕ್ಕ ಅಂದಳು. "ನಿನಗ್ಯಾಕ ಈ ಉಸಾಬರಿ?"

ಜ್ವರದಲ್ಲೂ ನಾಲ್ಕು ಜನ ನಕ್ಕರು.

ಮೀಸೆ ಚಿಗುರಿದ ಮಗ ಅವಳ ಕಿವಿಗೆ ಬಾಗಿದ. "ಬ್ಯಾಡ ಯವ್ವಾ, ಹೋಗೂಣು. ಖರೇನ ಏನರ ಕಾಣಿಸಿಬಿಟ್ರ?"

ಊರು ಕೇಳಿದ್ದನ್ನು ಅವಳು ಇಷ್ಟು ಕಾಲ ನುಂಗಿದ್ದಳು. ಮಗನ ಬಾಯಿಂದ ಬಂದದ್ದನ್ನು ನುಂಗಲು ಒಪ್ಪಲಿಲ್ಲ. ಜೀಪಿನ ಬಳಿ ಹೋಗಿ ಕುಪ್ಪಸದ ತೋಳು ಏರಿಸಿದಳು.

"ತಗೋರಿ, ಮದ್ಲ ನಂದು. ಆಮ್ಯಾಲೆ ಇವಂದು. ಶೀಸೆ ಎರಡೂ ಬಾಜೂಬಾಜು ಇಡ್ರಿ."

ಡಾಕ್ಟರು ತಬ್ಬಿಬ್ಬಾದರು. "ತಳಿ ವೈರಸ್ಸಿನದಮ್ಮ, ನಿಮ್ಮದಲ್ಲ. ಮನುಷ್ಯರ ಹುಟ್ಟು ಇದರಲ್ಲಿ ಕಾಣೋದಿಲ್ಲ."

"ಕಂಡರೂ ನನಗ ಅಂಜಿಕಿಲ್ರಿ."

ಸೂಜಿ ಇಳಿಯುವಾಗ ಅವಳು ನೋಡುತ್ತಿದ್ದದ್ದು ಮಗನನ್ನು. ಅಂದಾನೆಪ್ಪ ಜೀಪಿನ ಬಳಿ ಬಂದ. ಆಮೇಲೆ ಅಂಗಿಯ ತೋಳು ಮಡಚಿದ. ಬರ್ಫದ ಪೆಟ್ಟಿಗೆಯಲ್ಲಿ ಎರಡು ಶೀಸೆಗಳು ಒಂದಕ್ಕೊಂದು ತಾಗಿ ಕುಳಿತವು. ಅವನ ಹಿಂದೆ, ಆಗ ನಕ್ಕವರಲ್ಲೊಬ್ಬನಾದ ಮುದಕಪ್ಪ ಬಂದ, ಇನ್ನೂ ಕೆಲವರು ಬಂದರು. ಎಲ್ಲರಿಗಿಂತ ಕೊನೆಗೆ ಗೊಣಗುತ್ತ ಸಾವಕ್ಕ.

ಜೋಳ ತೆನೆಗಟ್ಟುವ ಹೊತ್ತಿಗೆ ಜೀಪು ಮತ್ತೆ ಬಂತು. ಬೋರಿಂಗಿನ ಸದ್ದು ಆಗ ಮೊದಲಿನ ಗತಿಗೆ ಬಂದಿತ್ತು. "ತಳಿ ಸಿಕ್ಕಿತು," ಎಂದರು ಡಾಕ್ಟರು. "ನಿಮ್ಮೆಲ್ಲರ ರಕ್ತದಲ್ಲೂ ಒಂದೇ."

ಮರೆವ್ವ ತುಂಬಿದ ಕೊಡವನ್ನು ಟೊಂಕಕ್ಕೇರಿಸಿದಳು. ಇನ್ನೊಂದನ್ನು ಅಂದಾನೆಪ್ಪ ಹೆಗಲಿಗಿಟ್ಟುಕೊಂಡ, ತಲೆ ತಗ್ಗಿಸದೆ.

"ಕೇಳಿದೇನ ಸಾವಕ್ಕಾ? ನಿನ್ನೊಳಗಿಂದೂ ನನ್ನೊಳಗಿಂದೂ ಒಂದ ತಳಿ ಅಂತ. ಇನ್ನ ಮ್ಯಾಲೆ ಯಾರರ ನನ್ನ ಮಗನ ಹುಟ್ಟು ಕೇಳಿದ್ರ, ಪುಣೆದವರ ಹೆಸರ ಹೇಳಿ ಎಲ್ಲಾರದೂ ಒಂದ ತಳಿ ಅಂತೀನಿ ನಾ," ಎನ್ನುತ್ತ, ಹಿಂದೆ ತಿರುಗಿ ನೋಡದೆ, ನೀರು ತುಳುಕಿಸುತ್ತ ಅವಳು ತನ್ನ ಬಾಗಿಲೊಳಗೆ ಹೋದಳು.